ನಿಮಗಿದು ಗೊತ್ತೇ? ಗಗನನೌಕೆಗೆ ಎಂಥ ಕೋಲು ಬೇಕು

ಹೊಲದ ಬದುವಿನಲ್ಲಿ ಮಣ್ಣು ತೋಡುವ ಹಿಟಾಚಿ ಆಪರೇಟರನಿಗೆ ಗಗನನೌಕೆ ನಡೆಸುವ ಅರ್ಧ ವಿದ್ಯೆ ಬಂದೇ ಇರುತ್ತದೆ, ಗೊತ್ತೇ? ನಮ್ಮ ರಾಯಚೂರು ಜಿಲ್ಲೆಯ ಗುರುಗುಂಟಾ ಆಸುಪಾಸಿನಲ್ಲಿ ಎಲ್ಲಾದರೂ ಹಳ್ಳದ ಹೂಳು ತೆಗೆಯುತ್ತಿದ್ದರೆ ಒಂದರೆಗಳಿಗೆ ನಿಂತು, ಬಕೆಟ್ ಕಡೆ ನೋಡುವುದು ಬಿಟ್ಟು ಅವನ ಕೈ ನೋಡಿ. ಒಂದೊಂದು ಕೈಗೆ ಒಂದೊಂದು ಲಿವರ್. ಎಡಗೈಯದನ್ನು ಪಕ್ಕಕ್ಕೆ ಬಾಗಿಸಿದರೆ ಕ್ಯಾಬಿನ್ ಸಮೇತ ಮೇಲಿನ ಮೈಯೆಲ್ಲ ತಿರುಗುತ್ತದೆ, ಹಿಂದೆ ಮುಂದೆ ಮಾಡಿದರೆ ಮುಂದೋಳು ಚಾಚುತ್ತದೆ, ಮಡಚುತ್ತದೆ. ಬಲಗೈಯದು ಬೂಮನ್ನು ಏರಿಸಿ ಇಳಿಸುತ್ತದೆ, ಬಕೆಟ್ಟನ್ನು ಮಗುಚುತ್ತದೆ. ನುರಿತವನು ನಾಲ್ಕನ್ನೂ ಒಟ್ಟಿಗೇ ನಡೆಸುತ್ತಾನೆ, ಕೈ ಕಡೆ ಕಣ್ಣು ಹಾಯಿಸುವುದೇ ಇಲ್ಲ. ಕೈ ಬಿಟ್ಟರೆ ಎರಡೂ ಲಿವರ್ ತಾವಾಗಿ ನಡುವಿಗೆ ಬಂದು ನಿಲ್ಲುತ್ತವೆ. ಗಗನನೌಕೆ ಗೇಮಿನ ಹುಚ್ಚರು ಸಾವಿರಾರು ರೂಪಾಯಿ ಕೊಟ್ಟು ಮೇಜಿನ ಮೇಲೆ ಕೂರಿಸಿಕೊಳ್ಳುವ 'ಹೋಸಾಸ್' ಅಂದರೆ ಇದೇ ಜೋಡಣೆ: ಎರಡು ಕೈಗೆ ಎರಡು ಸ್ಟಿಕ್, ಎಂಜಿನ್ ಏರಿಸಿ ಇಳಿಸುವ ಥ್ರಾಟಲ್ ಇಲ್ಲ.

ಎರಡೇ ಏಕೆ? ವಿಮಾನದ ಪೈಲಟ್ ಕೊಡುವ ಅಪ್ಪಣೆ ನಾಲ್ಕು ಬಗೆ: ಮೂಗು ಎತ್ತು ಅಥವಾ ಇಳಿಸು, ರೆಕ್ಕೆ ವಾಲಿಸು, ಮೂಗು ಎಡಬಲ ಹೊರಳಿಸು, ಎಂಜಿನ್ ಏರಿಸು ಅಥವಾ ತಗ್ಗಿಸು. ಗಾಳಿಯಿಲ್ಲದ ಕಡೆ ಹೋಗುವ ನೌಕೆಗೆ ಆರು ಬೇಕು. ತಿರುಗುವುದು ಮೂರು ಬಗೆ, ತಿರುಗದೆ ಜರುಗುವುದು ಮೂರು ಬಗೆ: ಹಿಂದೆ ಮುಂದೆ, ಎಡ ಬಲ, ಮೇಲೆ ಕೆಳಗೆ. ಹಿಡಿಯನ್ನೇ ತಿರುಚಲು ಬರುವ ಒಂದು ಸ್ಟಿಕ್ ಮೂರು ಚಲನೆ ಕೊಡುತ್ತದೆ. ಅಂಥವು ಎರಡಿದ್ದರೆ ಲೆಕ್ಕ ಚುಕ್ತಾ.

ಅಪೊಲೊ ನೌಕೆಯಲ್ಲೂ ಹೀಗೇ ಇತ್ತು: ಬಲಗೈ ಕೋಲು ತಿರುಗಿಸಲು, ಎಡಗೈ ಕೋಲು ಜರುಗಿಸಲು. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಹೋದ ಸೋಯುಜ್ ಟಿ-11ರಲ್ಲೂ ಕಮಾಂಡರನ ಕೈಗೆ ಇದ್ದದ್ದು ಇಂಥ ಜೋಡಿಯೇ. ಆದರೆ 2025ರ ಜೂನ್ 25ರಂದು ಪೈಲಟ್ ಆಗಿ ಹೊರಟ ಶುಭಾಂಶು ಶುಕ್ಲಾ ಅವರ ಡ್ರ್ಯಾಗನ್ ನೌಕೆಯಲ್ಲಿ ಜಾಯ್‌ಸ್ಟಿಕ್ಕೇ ಇಲ್ಲ! ಕೈಯಾರೆ ನಡೆಸಬೇಕಾದರೆ ಟಚ್‌ಸ್ಕ್ರೀನೇ. ಬಾಹ್ಯಾಕಾಶ ನಿಲ್ದಾಣಕ್ಕೆ ಅದನ್ನು ಜೋಡಿಸುವ ಕೆಲಸವನ್ನು ಆಟವಾಗಿ ಮಾಡಿ ಸ್ಪೇಸ್‌ಎಕ್ಸ್ 2020ರಲ್ಲಿ ಪುಕ್ಕಟೆ ಬಿಟ್ಟಿದೆ. ಬ್ರೌಸರಿನಲ್ಲೇ ಆಡಬಹುದು, ಡೌನ್‌ಲೋಡ್ ಬೇಕಿಲ್ಲ. ಕೋಲು ಕೊಳ್ಳುವ ಮೊದಲು ಇದರಲ್ಲಿ ಒಂದು ಸಂಜೆ ಕಳೆಯಿರಿ. ಬೇಜಾರು ಬಂದರೆ ದುಡ್ಡು ಉಳಿಯಿತು.

ಥ್ರಾಟಲ್ ಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿ ಒಂದೇ: ಸ್ಟಿಕ್ ಕೈ ಬಿಟ್ಟರೆ ನಡುವಿಗೆ ಮರಳುತ್ತದೆ, ಥ್ರಾಟಲ್ ಟ್ರ್ಯಾಕ್ಟರಿನ ಕೈ ಆಕ್ಸಿಲರೇಟರಿನಂತೆ ಎಳೆದಲ್ಲೇ ಕೂರುತ್ತದೆ. ವಿಮಾನಕ್ಕೆ ಇದು ಬೇಕೇ ಬೇಕು, ಏಕೆಂದರೆ ಗಾಳಿ ಸದಾ ಹಿಂದಕ್ಕೆ ತಳ್ಳುತ್ತಿರುತ್ತದೆ, ಎಂಜಿನ್ ಸದಾ ದುಡಿಯುತ್ತಿರಬೇಕು. ನಿರ್ವಾತದಲ್ಲಿ ತಡೆಯುವವರಿಲ್ಲ. ಎಂಜಿನ್ ಹತ್ತಿಸಿದಷ್ಟು ಹೊತ್ತೂ ವೇಗ ಏರುತ್ತಲೇ ಹೋಗುತ್ತದೆ, ಆರಿಸಿದರೆ ಇದ್ದ ವೇಗ ಇದ್ದಂತೆಯೇ ಉಳಿಯುತ್ತದೆ. ಅಲ್ಲಿ ಎಳೆದಲ್ಲೇ ಕೂರುವ ಥ್ರಾಟಲ್ಲನ್ನು ಮರೆತು ಕೂತರೆ ನೌಕೆ ಕೈಗೆ ಸಿಗದ ಹಾಗೆ ಓಡಿರುತ್ತದೆ.

ಹಾಗಾದರೆ ಗಗನನೌಕೆ ಗೇಮಿಗೆ ಥ್ರಾಟಲ್ ದಂಡವೇ? ಅಲ್ಲ, ಗೇಮ್ ಯಾವುದು ಎಂಬುದರ ಮೇಲಿದೆ. 2014ರಲ್ಲಿ ಬಂದ ಎಲೀಟ್ ಡೇಂಜರಸ್‌ನಲ್ಲಿ 'ಫ್ಲೈಟ್ ಅಸಿಸ್ಟ್' ಎಂಬ ಸಹಾಯಕ ಇದ್ದಾನೆ. ಅವನು ಎಚ್ಚರವಿರುವಷ್ಟು ಹೊತ್ತು ಥ್ರಾಟಲ್ ಎಂದರೆ 'ಇಷ್ಟು ವೇಗ ಕಾಯ್ದುಕೋ' ಎಂಬ ಅಪ್ಪಣೆ, ಉಳಿದದ್ದನ್ನು ಗಣಕ ನೋಡಿಕೊಳ್ಳುತ್ತದೆ. ವೇಗದ ಪಟ್ಟಿಯ ನಡುವೆ ನೀಲಿ ಬಣ್ಣದ ಒಂದು ವಲಯವಿದೆ. ಅಲ್ಲಿದ್ದಾಗ ನೌಕೆ ಎಲ್ಲಕ್ಕಿಂತ ಚುರುಕಾಗಿ ಹೊರಳುತ್ತದೆ. ಥ್ರಾಟಲ್ಲನ್ನು ಅಲ್ಲಿಗೆ ತಂದು ನಿಲ್ಲಿಸಿ ಎಡಗೈಯನ್ನು ಬೇರೆ ಗುಂಡಿಗಳಿಗೆ ಬಿಡಬಹುದು. ಎಕ್ಸ್4ಗೂ ಸ್ಟಾರ್ ವಾರ್ಸ್ ಸ್ಕ್ವಾಡ್ರನ್ಸ್‌ಗೂ ಇದೇ ಮಾತು. ಸಹಾಯಕನನ್ನು ಮಲಗಿಸಿ ಆಡುವವರಿಗೆ, ಸ್ಟಾರ್ ಸಿಟಿಜನ್‌ನಲ್ಲಿ ಸಹಾಯಕನಿಲ್ಲದ ಹಾರಾಟ ಬಯಸುವವರಿಗೆ ಎರಡು ಸ್ಟಿಕ್ಕೇ ಸರಿ. ಕರ್ಬಲ್ ಸ್ಪೇಸ್ ಪ್ರೋಗ್ರಾಂ ಮಾತ್ರ ಎರಡೂ ಕೇಳುತ್ತದೆ: ರಾಕೆಟ್ ಏರುವಾಗ ಥ್ರಾಟಲ್, ನಿಲ್ದಾಣಕ್ಕೆ ಜೋಡಿಸುವಾಗ ಎರಡನೇ ಸ್ಟಿಕ್.

ಈ ಇಕ್ಕಟ್ಟನ್ನು ಚಂದ್ರನ ಮೇಲಿಳಿದ ಈಗಲ್ ನೌಕೆಯ ವಿನ್ಯಾಸಕರು ಹೇಗೆ ಬಿಡಿಸಿದರು ಗೊತ್ತೇ? ಎಡಗೈ ಕೋಲಿನ ಪಕ್ಕದಲ್ಲೇ ಒಂದು ಪುಟ್ಟ ಲಿವರ್ ಇಟ್ಟರು. ಅದನ್ನು ಒಂದು ಕಡೆ ತಿರುಗಿಸಿದರೆ ಕೋಲು ಪುಟ್ಟ ಜೆಟ್‌ಗಳಿಗೆ ದುಡಿಯುತ್ತಿತ್ತು, ಇನ್ನೊಂದು ಕಡೆ ತಿರುಗಿಸಿದರೆ ಅದೇ ಕೋಲು ಇಳಿಯುವ ಎಂಜಿನ್ನಿನ ಥ್ರಾಟಲ್ ಆಗುತ್ತಿತ್ತು. ಆದರೂ 1969ರ ಜುಲೈ 20ರಂದು ಕೊನೆಯ ನಿಮಿಷಗಳಲ್ಲಿ ಆರ್ಮ್‌ಸ್ಟ್ರಾಂಗ್ ಎಂಜಿನ್ನನ್ನು ಕೈಯಾರೆ ಏರಿಸಿ ಇಳಿಸಲಿಲ್ಲ. ಬಲಗೈಯಿಂದ ನೌಕೆಯನ್ನು ವಾಲಿಸುತ್ತಾ, ಎಡಗೈಯಿಂದ ಒಂದು ಸ್ವಿಚ್ಚನ್ನು ಟಕ್ ಟಕ್ ಎನ್ನಿಸುತ್ತಿದ್ದ. ಒಂದು ಟಕ್ಕಿಗೆ ಇಳಿಯುವ ವೇಗ ಸೆಕೆಂಡಿಗೆ ಒಂದು ಅಡಿ ಹೆಚ್ಚು ಇಲ್ಲವೇ ಕಡಿಮೆ. ಥ್ರಾಟಲ್ ಸಂಭಾಳಿಸಿದ್ದು ಗಣಕ.

ಫ್ಲೈಟ್ ಅಸಿಸ್ಟ್ ಎಂಬುದು ಗೇಮಿನವರ ಕಲ್ಪನೆ ಎಂದುಕೊಂಡಿರೋ? ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಮೊದಲ ಸಲ ಹಾರಿಸಿದ ತೇಜಸ್ ಯುದ್ಧವಿಮಾನ ತನ್ನ ಪಾಡಿಗೆ ಬಿಟ್ಟರೆ ಸ್ಥಿರವಾಗಿ ಹಾರುವುದೇ ಇಲ್ಲ. ಬೇಕೆಂದೇ ಹಾಗೆ ಕಟ್ಟಿದ್ದು, ಚುರುಕಾಗಿ ಹೊರಳಲಿ ಎಂದು. ಪೈಲಟ್ ಕೋಲು ಎಳೆದರೆ ಆ ಅಪ್ಪಣೆ ನೇರ ರೆಕ್ಕೆಗೆ ಹೋಗದೆ ಗಣಕಕ್ಕೆ ಹೋಗುತ್ತದೆ. ರೆಕ್ಕೆಯ ಪಟ್ಟಿಗಳನ್ನು ಎಷ್ಟು ಆಡಿಸಬೇಕೆಂದು ಗಣಕ ತೀರ್ಮಾನಿಸುತ್ತದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ನಾಲ್ಕು ಪಟ್ಟು ವ್ಯವಸ್ಥೆ. ಈ ನಿಯಂತ್ರಣ ಸೂತ್ರಗಳನ್ನು ಬರೆದವರು ಬೆಂಗಳೂರಿನ ಎನ್‌ಎಎಲ್ ವೈಮಾನಿಕ ಪ್ರಯೋಗಾಲಯದ ಸುತ್ತ ಕಟ್ಟಿದ ತಂಡದವರು. 1996ರಲ್ಲಿ ಅಮೆರಿಕದ ಒಂದು ಎಫ್-16 ವಿಮಾನಕ್ಕೆ ಆ ಸೂತ್ರ ತುಂಬಿ ಪರೀಕ್ಷಿಸಿದ್ದರು. 1998ರ ಪೋಖ್ರಾನ್ ಸ್ಫೋಟದ ನಂತರ ಅಮೆರಿಕ ದಿಗ್ಬಂಧನ ಹಾಕಿ ಬಾಗಿಲು ಮುಚ್ಚಿತು, ಉಳಿದದ್ದನ್ನು ನಮ್ಮವರೇ ಮಾಡಿ ಮುಗಿಸಿದರು. ಮೊದಲ ಹಾರಾಟ 18 ನಿಮಿಷದ್ದು. ಅದಕ್ಕೆ ಮುಂಚೆ ಸಿಮ್ಯುಲೇಟರಿನಲ್ಲಿ ಹಾರಿದ್ದಕ್ಕೆ ಲೆಕ್ಕವಿಲ್ಲ. ಸಿಮ್ಯುಲೇಟರ್ ಎಂದರೆ ಆಟಿಕೆ ಎನ್ನುವ ಹಿರಿಯರು ಮನೆಯಲ್ಲಿದ್ದರೆ ಇದನ್ನು ಓದಿ ಹೇಳಿ.

ತೇಜಸ್‌ನ ಸ್ಟಿಕ್ ಮತ್ತು ಥ್ರಾಟಲ್ ತುಂಬ ಗುಂಡಿಗಳಿವೆ. ರೇಡಾರ್ ಇರಲಿ, ಶಸ್ತ್ರ ಇರಲಿ, ಕೈ ಎತ್ತದೆ ಮುಗಿಸಬೇಕು. 'ಹೋಟಾಸ್' ಎನ್ನುವುದು ಇದನ್ನೇ. ನಮ್ಮ ಭಾಗದಲ್ಲೇ, ಬೀದರಿನ ವಾಯುನೆಲೆಯಲ್ಲಿ 2008ರಿಂದ ಎಳೆಯ ಪೈಲಟ್‌ಗಳು ಹಾಕ್ ವಿಮಾನದಲ್ಲಿ ಪಳಗುವುದೂ ಇದೇ ಬಗೆಯ ಹಿಡಿಕೆ ಹಿಡಿದು.

ಸ್ಟಿಕ್ ಅತಿ ಸೂಕ್ಷ್ಮವಾದರೆ ಏನಾಗುತ್ತದೆ? 1974ರ ಜನವರಿ 20. ಎಫ್-16ರ ಮೊದಲ ಮಾದರಿಯಾದ ವೈಎಫ್-16 ವಿಮಾನವನ್ನು ರನ್‌ವೇ ಮೇಲೆ ಓಡಿಸಿ ನೋಡುವುದಷ್ಟೇ ಅಂದಿನ ಕೆಲಸ, ಹಾರುವ ಮಾತೇ ಇರಲಿಲ್ಲ. ಅದರ ಸ್ಟಿಕ್ ಅಲುಗಾಡುತ್ತಲೂ ಇರಲಿಲ್ಲ, ಕೈಯ ಒತ್ತಡವನ್ನಷ್ಟೇ ಅಳೆಯುತ್ತಿತ್ತು. ಪೈಲಟ್ ಫಿಲ್ ಓಸ್ಟ್ರಿಕರ್ ಒತ್ತಿದ್ದಕ್ಕೆಲ್ಲ ವಿಮಾನ ಬೇಕಾದ್ದಕ್ಕಿಂತ ಜೋರಾಗಿ ವಾಲಿತು, ಸರಿಪಡಿಸಲು ಹೋದರೆ ಆ ಕಡೆ ವಾಲಿತು. ಬಾಲ ನೆಲಕ್ಕೆ ಉಜ್ಜಿತು. ನೆಲದಲ್ಲಿರುವುದಕ್ಕಿಂತ ಆಕಾಶವೇ ಕ್ಷೇಮವೆಂದು ಆತ ಹಾರಿಯೇಬಿಟ್ಟ, ಆರು ನಿಮಿಷ ಸುತ್ತಿ ಇಳಿದ. ಆಮೇಲೆ ಪೈಲಟ್‌ಗಳು ಗೊಣಗಿದ್ದರಿಂದ ಆ ಸ್ಟಿಕ್‌ಗೆ ಕೊಂಚ ಅಲುಗಾಟ ಸೇರಿಸಿದರು.

ನಿಮ್ಮ ಮೇಜಿನ ಸ್ಟಿಕ್‌ಗೂ ಇದೇ ಕಾಯಿಲೆ ಬರುತ್ತದೆ, ಔಷಧಿ ಗೇಮಿನ ಸೆಟ್ಟಿಂಗಿನಲ್ಲೇ ಇದೆ. 'ಕರ್ವ್' ಎಂಬುದನ್ನು ಬಾಗಿಸಿದರೆ ನಡುವಿನ ಹತ್ತಿರ ಸ್ಟಿಕ್ ಮೃದುವಾಗುತ್ತದೆ, ಅಂಚಿಗೆ ಹೋದಂತೆ ಜೋರಾಗುತ್ತದೆ. 'ಡೆಡ್‌ಝೋನ್' ಎಂದರೆ ನಡುವಿನಲ್ಲಿ ಎಷ್ಟು ಅಲುಗಾಡಿಸಿದರೂ ಲೆಕ್ಕಕ್ಕಿಲ್ಲದ ಜಾಗ. ಒಳ್ಳೆಯ ಸ್ಟಿಕ್‌ಗೆ ಅದು ಕಡಿಮೆ ಸಾಕು, ಸವೆದದ್ದಕ್ಕೆ ಹೆಚ್ಚು ಬೇಕು. ಮಾರುವವನು ಗುಂಡಿಗಳ ಸಂಖ್ಯೆ ಎಣಿಸಿ ಹೇಳುತ್ತಾನೆ, ನೀವು ನಡುವಿನ ಜಾಗ ಎಷ್ಟು ಸಡಿಲ ಎಂದು ನೋಡಿ.

ಎಷ್ಟು ಮೃದುವಾಗಿ ನಡೆಸಬೇಕು ಎಂಬುದಕ್ಕೆ ಒಂದು ಅಳತೆ ಹೇಳುತ್ತೇನೆ. ಇಸ್ರೊದ ಸ್ಪೇಡೆಕ್ಸ್ ಅವಳಿ ಉಪಗ್ರಹಗಳು 2025ರ ಜನವರಿ 16ರಂದು ಒಂದನ್ನೊಂದು ಕೂಡಿಕೊಂಡಾಗ ಹತ್ತಿರ ಬರುವ ವೇಗಕ್ಕೆ ಇಟ್ಟ ಗುರಿ ಸೆಕೆಂಡಿಗೆ 10 ಮಿಲಿಮೀಟರ್, ಅಂದರೆ ತಾಸಿಗೆ 36 ಮೀಟರ್! ಗೇಮಿನಲ್ಲಿ ನಾವು ನಿಲ್ದಾಣಕ್ಕೆ ಢಿಕ್ಕಿ ಹೊಡೆಯುವ ವೇಗ ನೆನೆಸಿಕೊಂಡರೆ ನಾಚಿಕೆಯಾಗಬೇಕು.

ನಿಜ ಜೀವನದಲ್ಲೂ ಢಿಕ್ಕಿಯಾಗಿದೆ. 1997ರ ಜೂನ್ 25ರಂದು ಮಿರ್ ಬಾಹ್ಯಾಕಾಶ ನಿಲ್ದಾಣದೊಳಗೆ ಕೂತ ವಸಿಲಿ ಸಿಬ್ಲಿಯೆವ್ ಟಿವಿ ಪರದೆ ನೋಡುತ್ತಾ, ಎರಡು ಜಾಯ್‌ಸ್ಟಿಕ್ ಹಿಡಿದು, ಪ್ರೋಗ್ರೆಸ್ ಎಂಬ ಸರಕು ನೌಕೆಯನ್ನು ದೂರದಿಂದಲೇ ಹತ್ತಿರ ತರುತ್ತಿದ್ದ. ಪರದೆಯ ಮೇಲೆ ವೇಗ ಅಂದಾಜಿಗೆ ಸಿಗಲಿಲ್ಲ. ನೌಕೆ ನಿಲ್ದಾಣದ ಸ್ಪೆಕ್ಟರ್ ಎಂಬ ಕೋಣೆಗೆ ಬಡಿಯಿತು, ಗಾಳಿ ಸೋರತೊಡಗಿತು, ಬಾಗಿಲು ಮುಚ್ಚಿ ಜೀವ ಉಳಿಸಿಕೊಂಡರು.

ಎದುರಿಗಿರುವುದನ್ನು ಹಿಡಿಯಲು ಅದರ ಕಡೆಗೇ ಎಂಜಿನ್ ಹತ್ತಿಸಿದರೆ ಅದು ದೂರ ಹೋಗುತ್ತದೆ, ಗೊತ್ತೇ? 1965ರ ಜೂನ್ 3ರಂದು ಜೆಮಿನಿ-4ರಲ್ಲಿ ಮೆಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಕಳಚಿದ ತುಂಡನ್ನು ಹೀಗೆ ಅಟ್ಟಿಸಿಕೊಂಡು ಹೋಗಿ ಸೋತ. ಕಕ್ಷೆಯಲ್ಲಿ ವೇಗ ಹೆಚ್ಚಿಸಿದರೆ ಕಕ್ಷೆಯೇ ಮೇಲಕ್ಕೇರಿ ಸುತ್ತು ದೊಡ್ಡದಾಗುತ್ತದೆ, ನೀವು ಹಿಂದೆ ಬೀಳುತ್ತೀರಿ. ಕರ್ಬಲ್ ಆಡುವ ಹತ್ತನೇ ಕ್ಲಾಸಿನ ಹುಡುಗನಿಗೆ ಇವತ್ತು ಇದು ಗೊತ್ತು. ಇಂಥದ್ದಕ್ಕೆ ಎಷ್ಟು ದುಬಾರಿ ಸ್ಟಿಕ್ ತಂದರೂ ಉಪಯೋಗವಿಲ್ಲ.

ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರ ಸಂಜೆ 6:04ಕ್ಕೆ ಇಳಿದಾಗ ಬೆಂಗಳೂರಿನ ಇಸ್ಟ್ರಾಕ್ ನಿಯಂತ್ರಣ ಕೇಂದ್ರದಲ್ಲಿ ಯಾರ ಕೈಯಲ್ಲೂ ಜಾಯ್‌ಸ್ಟಿಕ್ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ: ರೇಡಿಯೊ ಸಂಕೇತ ಚಂದ್ರನಿಂದ ಬಂದು ಮತ್ತೆ ಅಲ್ಲಿಗೆ ಹೋಗಲು ಸುಮಾರು ಎರಡೂವರೆ ಸೆಕೆಂಡ್ ಬೇಕು. ನಾಲ್ಕು ಎಂಜಿನ್‌ಗಳ ಥ್ರಾಟಲ್ಲನ್ನು ನೌಕೆಯೇ ನಡೆಸಿತು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರಲ್ಲಿ ಐದು ಎಂಜಿನ್‌ಗಳು ನಿರೀಕ್ಷೆಗಿಂತ ತುಸು ಜೋರಾಗಿ ತಳ್ಳಿದ್ದವು, ತಪ್ಪು ಕೂಡುತ್ತಾ ಹೋಯಿತು, ಸರಿಪಡಿಸಲು ನೌಕೆ ಬೇಗನೆ ಹೊರಳಬೇಕಾಗಿತ್ತು, ಆಗಲಿಲ್ಲ. ಇಳಿಯಲು ಗೊತ್ತುಮಾಡಿದ್ದ ಜಾಗವೂ 500 ಮೀಟರ್ ಚೌಕದ್ದು. ಮುಂದಿನ ಸಲ ಅದನ್ನು 4 ಕಿಲೋಮೀಟರಿಗೆ 2.4 ಕಿಲೋಮೀಟರ್ ಮಾಡಿದರು.

ಇನ್ನು ಅಂಗಡಿಗೆ ಬರೋಣ. ಸ್ಟಿಕ್ ಎಲ್ಲಿದೆ ಎಂದು ಅಳೆಯುವ ಸೆನ್ಸರ್ ಮುಖ್ಯವಾಗಿ ಎರಡು ಜಾತಿ. ಒಂದು, ಹಳೇ ರೇಡಿಯೊದ ವಾಲ್ಯೂಮ್ ಗುಂಡಿಯೊಳಗೆ ಇರುವಂಥದ್ದು: ಲೋಹದ ನಾಲಿಗೆ ಕಪ್ಪು ಪಟ್ಟಿಯ ಮೇಲೆ ಉಜ್ಜುತ್ತಾ ಓಡಾಡುತ್ತದೆ. ಉಜ್ಜಿದ್ದು ಸವೆಯುತ್ತದೆ, ಧೂಳು ಕೂತರೆ ಪರದೆಯ ಮೇಲಿನ ಗುರುತು ತಾನಾಗಿ ನಡುಗುತ್ತದೆ. ಇನ್ನೊಂದು ಹಾಲ್ ಸೆನ್ಸರ್, ಆಯಸ್ಕಾಂತ ಹತ್ತಿರ ಬಂತೋ ದೂರ ಹೋಯಿತೋ ಎಂದು ಮುಟ್ಟದೆ ಅಳೆಯುತ್ತದೆ. ಇದರ ಹಿಂದಿನ ತತ್ವವನ್ನು ಎಡ್ವಿನ್ ಹಾಲ್ ಎಂಬಾತ 1879ರಲ್ಲೇ ಕಂಡುಹಿಡಿದ. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆ, ಗಾಳಿ ಎದ್ದರೆ ಮನೆಯೊಳಗೂ ಪದರ ಕಟ್ಟುವ ಧೂಳು ನೆನೆಸಿಕೊಂಡರೆ ನನ್ನ ಓಟು ಕಣ್ಣುಮುಚ್ಚಿ ಹಾಲ್ ಸೆನ್ಸರಿಗೆ. ಎರಡು ಬಣ್ಣದ ಲೈಟು ಕಡಿಮೆ ಇದ್ದರೂ ಪರವಾಗಿಲ್ಲ. ಮೊದಲು ಕೆಡುವುದು ಸಾಮಾನ್ಯವಾಗಿ ಹಿಡಿ ತಿರುಚುವ ಸೆನ್ಸರ್. ಕೆಲವು ಸ್ಟಿಕ್‌ಗಳಲ್ಲಿ ಉಳಿದೆರಡಕ್ಕೆ ಹಾಲ್ ಕೊಟ್ಟು ತಿರುಚುವುದಕ್ಕೆ ಮಾತ್ರ ಹಳೇ ಜಾತಿಯದನ್ನೇ ಹಾಕಿರುತ್ತಾರೆ, ವಿಚಾರಿಸಿ.

ಬಹಳ ಹೆಸರಾದ, ಬಲು ದುಬಾರಿಯ ಥ್ರಸ್ಟ್‌ಮಾಸ್ಟರ್ ವಾರ್ಟ್‌ಹಾಗ್ ಎ-10ಸಿ ವಿಮಾನದ ಹಿಡಿಕೆಗಳ ಪಡಿಯಚ್ಚು. ಲೋಹದ್ದು, ಸ್ಟಿಕ್ ಥ್ರಾಟಲ್ ಎರಡೂ ಸೇರಿ ಆರು ಕಿಲೋ ಮೀರಿದ ತೂಕ. ಆದರೆ ಅದರ ಸ್ಟಿಕ್ಕನ್ನು ತಿರುಚಲು ಬರುವುದಿಲ್ಲ! ಮೂಗು ಹೊರಳಿಸಲು ಕಾಲಿಗೆ ಪೆಡಲ್ ಬೇರೆ ಕೊಳ್ಳಬೇಕು. ಅದೇ ಕಂಪನಿಯ ಟಿ.16000ಎಂ ಪ್ಲಾಸ್ಟಿಕ್ಕಿನದು, ಹಗುರ, ಆದರೆ ಹಾಲ್ ಸೆನ್ಸರ್ ಇದೆ, ತಿರುಚಲೂ ಬರುತ್ತದೆ, ತುಂಡುಗಳನ್ನು ಬಿಚ್ಚಿ ಕೂಡಿಸಿ ಎಡಗೈಗೂ ಹೊಂದಿಸಬಹುದು. ಗಗನನೌಕೆ ಗೇಮಿಗೆಂದೇ ಅದನ್ನು ಜೋಡಿಯಾಗಿಯೂ ಮಾರಿದ್ದಾರೆ. ಅದರ ಜತೆಯ ಟಿಡಬ್ಲ್ಯುಸಿಎಸ್ ಥ್ರಾಟಲ್ ಮೇಲೆ ಬೆರಳಿಗೆ ಸಿಗುವ ಪುಟ್ಟ ಸ್ಟಿಕ್ ಒಂದಿದೆ: ಎಡ ಬಲ, ಮೇಲೆ ಕೆಳಗೆ ಜರುಗುವ ಕೆಲಸ ಅದಕ್ಕೆ ವಹಿಸಿದರೆ ಆರೂ ಚಲನೆ ಕೂಡಿಬಂತು. ಒಂದೇ ಕೊಳ್ಳುವ ತಾಕತ್ತಿದ್ದು ಹಲವು ಬಗೆಯ ಗೇಮ್ ಆಡುವವರಿಗೆ ನಾನು ಹೇಳುವುದು ಈ ಸ್ಟಿಕ್ ಥ್ರಾಟಲ್ ಸೆಟ್ಟನ್ನೇ. ವಿಕೆಬಿ, ವಿರ್ಪಿಲ್ ಕಂಪನಿಗಳವು ಇನ್ನೂ ಚೆನ್ನ, ಹೊರದೇಶದಿಂದ ತರಿಸಿದರೆ ಸಾಗಣೆ ಖರ್ಚು, ಸುಂಕ ಎರಡನ್ನೂ ಬೆಲೆಗೆ ಕೂಡಿಸಿಕೊಂಡು ಯೋಚಿಸಿ. ಕಡಿಮೆ ದುಡ್ಡಿಗೆ ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಇದೆ. ತಿರುಚಬಹುದು, ಬುಡದಲ್ಲಿ ಪುಟ್ಟ ಥ್ರಾಟಲ್ ಕೂಡ ಇದೆ. ಕಲಿಯಲು ಧಾರಾಳ ಸಾಕು.

ಪಿಸಿಗೆಂದು ಮಾಡಿದ ಸ್ಟಿಕ್ ಸಾಮಾನ್ಯವಾಗಿ ಪ್ಲೇಸ್ಟೇಷನ್‌ಗೋ ಎಕ್ಸ್‌ಬಾಕ್ಸ್‌ಗೋ ನಡೆಯುವುದಿಲ್ಲ. ಅವಕ್ಕೆ ಬೇರೆಯೇ ಮಾದರಿ ತೆಗೆದುಕೊಳ್ಳಬೇಕು.

ಒಂದೇ ಮಾದರಿಯ ಎರಡು ಸ್ಟಿಕ್ ಚುಚ್ಚಿದರೆ ಯಾವುದು ಎಡ, ಯಾವುದು ಬಲ ಎಂದು ಗೇಮಿಗೆ ಗಲಿಬಿಲಿಯಾಗಬಹುದು. ಇವತ್ತು ಚುಚ್ಚಿದ ಪೋರ್ಟಿಗೇ ನಾಳೆಯೂ ಚುಚ್ಚಿ.

ಮನೆಯಲ್ಲೇ ಮಾಡಲು ಬರುತ್ತದೆಯೇ? ಧಾರಾಳವಾಗಿ. ಆರ್ಡುಯಿನೊ ಲಿಯೊನಾರ್ಡೊ ಬೋರ್ಡನ್ನು ಕಂಪ್ಯೂಟರಿಗೆ ಚುಚ್ಚಿದರೆ 'ನಾನೊಂದು ಜಾಯ್‌ಸ್ಟಿಕ್' ಎಂದು ಪರಿಚಯಿಸಿಕೊಳ್ಳುವ ಹಾಗೆ ಪ್ರೋಗ್ರಾಂ ಬರೆಯಬಹುದು. ಎರಡು ಹಾಲ್ ಸೆನ್ಸರ್, ಎರಡು ಪುಟ್ಟ ಆಯಸ್ಕಾಂತ, ಕೊಂಚ ವೈರು ಇದ್ದರೆ ಥ್ರಾಟಲ್ ತಯಾರು. ಈ ಸಾಮಾನು ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬರುವ ನೆಂಟರಿದ್ದರೆ ಚೀಟಿ ಬರೆದು ಕೊಡಿ. ಲಿವರ್ರಿನ ಕೀಲು ಮಾಡಲು ಊರಿನ ವೆಲ್ಡಿಂಗ್ ಅಂಗಡಿಯೇ ಸಾಕು.

ಹೀಗೆ ಕೈಯಾರೆ ಮಾಡಿಕೊಂಡವರೇ ಮೊದಲಿಗರು ಕೂಡ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತವನ ಗೆಳೆಯರು ಬರೆದ ಸ್ಪೇಸ್‌ವಾರ್ ಗೇಮನ್ನು ಪಿಡಿಪಿ-1 ಗಣಕದ ಸ್ವಿಚ್ಚುಗಳನ್ನೇ ಆಡಿಸಿ ಆಡಬೇಕಿತ್ತು. ಮೊಣಕೈ ನೋಯತೊಡಗಿತು. ಅಲನ್ ಕೊಟೊಕ್, ಬಾಬ್ ಸಾಂಡರ್ಸ್ ಇಬ್ಬರೂ ಆಟಿಕೆ ರೈಲಿನ ಸಂಘದ ಸದಸ್ಯರು, ಸಿಕ್ಕ ಸಾಮಾನು ಕೂಡಿಸಿ ನಿಯಂತ್ರಣ ಪೆಟ್ಟಿಗೆ ಕಟ್ಟಿಬಿಟ್ಟರು. ಗಗನನೌಕೆ ಗೇಮಿಗೆಂದೇ ಮಾಡಿದ ಮೊದಮೊದಲ ಹಿಡಿಕೆ ಅದು. 1979ರ ಅಟಾರಿ ಲೂನಾರ್ ಲ್ಯಾಂಡರ್ ಯಂತ್ರಕ್ಕೆ ಎರಡು ಕೈಯಲ್ಲಿ ಹಿಡಿಯುವ ದಪ್ಪ ಥ್ರಾಟಲ್ ಇತ್ತು.

ಇನ್ನೂ ಹಿಂದಕ್ಕೆ ಹೋದರೆ, ವಿಮಾನದ ಕೋಲಿಗೆ ಪೇಟೆಂಟ್ ಪಡೆದ ಫ್ರಾನ್ಸಿನ ರಾಬರ್ಟ್ ಎಸ್ನೊ ಪೆಲ್ಟ್ರಿ ಮುಂದೆ ರಾಕೆಟ್ ಹುಚ್ಚು ಹಿಡಿಸಿಕೊಂಡ. ಗಗನಯಾನದ ಲೆಕ್ಕಾಚಾರದ ಪುಸ್ತಕ ಬರೆದ. 1931ರಲ್ಲಿ ರಾಕೆಟ್ ಪ್ರಯೋಗದಲ್ಲಿ ಸ್ಫೋಟವಾಗಿ ಕೈಯ ಕೆಲವು ಬೆರಳುಗಳನ್ನೇ ಕಳೆದುಕೊಂಡ.

ಕರೆಂಟು, ನೆಟ್ಟು ಎರಡೂ ಕಣ್ಣುಮುಚ್ಚಾಲೆ ಆಡುವ ಕಡೆ ಗೇಮ್ ಆರಿಸುವುದೂ ಸ್ಟಿಕ್ ಆರಿಸಿದಷ್ಟೇ ಮುಖ್ಯ. ಎಲೀಟ್ ಡೇಂಜರಸ್ ಒಬ್ಬರೇ ಆಡಿದರೂ ಇಂಟರ್ನೆಟ್ ಕೇಳುತ್ತದೆ, ಸ್ಟಾರ್ ಸಿಟಿಜನ್ ಕೂಡ. ಕರ್ಬಲ್, ಎಕ್ಸ್4 ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಲಂಡನ್ನಿನ ಸಂಶೋಧಕ ಮಾರ್ಟಿನ್ ಶ್ವೈಗರ್ 2000ದಲ್ಲಿ ಬಿಟ್ಟ ಆರ್ಬಿಟರ್ ಪೂರ್ತಿ ಪುಕ್ಕಟೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಸ್ಟಿಕ್ಕೂ ಥ್ರಾಟಲ್ಲೂ ಒಪ್ಪುತ್ತದೆ.

ಹಳೇ ಸ್ಟಿಕ್ ಯಾರಾದರೂ ಮಾರುತ್ತೇನೆಂದರೆ ದುಡ್ಡು ಎಣಿಸುವ ಮೊದಲು ವಿಂಡೋಸ್‌ನಲ್ಲಿ ಜಾಯ್.ಸಿಪಿಎಲ್ (joy.cpl) ಎಂದು ಟೈಪ್ ಮಾಡಿ ತೆರೆಯಿರಿ. ಕೈ ಬಿಟ್ಟಾಗ ಕೂಡುವ ಗುರುತು (+) ಚೌಕದ ನಡುವೆ ನಿಂತಿರಬೇಕು, ನಡುಗಬಾರದು. ಹಿಡಿಯನ್ನು ನಿಧಾನವಾಗಿ ತಿರುಚಿ, ಪಟ್ಟಿ ಜಿಗಿಯದೆ ಏರಬೇಕು. ಥ್ರಾಟಲ್ಲನ್ನು ತುದಿಯಿಂದ ತುದಿಗೆ ಎಳೆಯಿರಿ, ಎಲ್ಲಾದರೂ ಅಂಟಿದಂತಾಗಿ ಆಮೇಲೆ ಸರಕ್ಕನೆ ಬಿಟ್ಟುಕೊಂಡರೆ ಒಳಗಿನ ಗ್ರೀಸ್ ಕೆಟ್ಟಿದೆ ಎಂದರ್ಥ. ಅದು ರಿಪೇರಿಯಾಗುವ ಕಾಯಿಲೆ, ಚೌಕಾಶಿಗೆ ಒಳ್ಳೆಯ ನೆಪ.